ತಲೆಬಾಗಿಲ ಒಳಗಿನ ನಾಲ್ಕು ಅಡಿ

ಹಳೆಯ ಮನೆಯನ್ನೋ ಹತ್ತು ವರ್ಷ ಬಳಸಿದ ಫ್ಲಾಟನ್ನೋ ಹೊಸದಾಗಿಸಲು ಹೊರಟವರ ಕೈಯಲ್ಲಿ ಒಂದು ಅಂದಾಜುಪಟ್ಟಿ ಇರುತ್ತದೆ. ಅದರ ಮೊದಲ ಪುಟ ಅಡುಗೆಮನೆಗೆ, ಎರಡನೆಯದು ಸ್ನಾನಗೃಹಗಳಿಗೆ, ಮೂರನೆಯದು ಮಲಗುವ ಕೋಣೆಯ ಕಪಾಟುಗಳಿಗೆ ಮೀಸಲು. ತಲೆಬಾಗಿಲು ತೆರೆದೊಡನೆ ಎದುರಾಗುವ, ಉಳಿದೆಲ್ಲ ಕೋಣೆಗಳಿಗೂ ದಾರಿ ಬಿಟ್ಟುಕೊಟ್ಟು ತಾನು ಯಾವ ಕೋಣೆಯೂ ಆಗದೆ ಉಳಿಯುವ ಆ ಇಕ್ಕಟ್ಟಿನ ಜಾಗ ಮಾತ್ರ ಕೊನೆಯ ಪುಟದಲ್ಲಿ, 'ಇತರೆ' ಎಂಬ ತಲೆಬರಹದ ಕೆಳಗೆ ಬರುತ್ತದೆ. ಸಾಮಾನ್ಯವಾಗಿ ಮೂರೂವರೆಯಿಂದ ನಾಲ್ಕು ಅಡಿ ಅಗಲ, ಹತ್ತು ಹನ್ನೆರಡು ಅಡಿ ಉದ್ದ. ಕಿಟಕಿ ಇರುವುದಿಲ್ಲ. ಹಗಲಲ್ಲೂ ದೀಪ ಬೇಕು. ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಹಣ ಮುಗಿದಿರುತ್ತದೆ, ಉತ್ಸಾಹ ಮಾತ್ರ ಮುಗಿದಿರುವುದಿಲ್ಲ. ಆದ್ದರಿಂದಲೇ ಇರಬೇಕು, ಮನೆಯ ಬೇರೆಲ್ಲೂ ಸಲ್ಲದ ಅಲಂಕಾರದ ಕಲ್ಪನೆಗಳೆಲ್ಲ ಕಡೆಗೆ ಬಂದು ಬೀಳುವುದು ಈ ಓಣಿಯಂಥ ಜಾಗದ ಮೇಲೆಯೇ.

ಈ ಜಾಗಕ್ಕೆ ಕನ್ನಡದಲ್ಲಿ ಒಪ್ಪುವ ಹೆಸರಿಲ್ಲ. 'ಪ್ಯಾಸೇಜು' ಎನ್ನುತ್ತೇವೆ, 'ಫೋಯರ್' ಎನ್ನುತ್ತೇವೆ. ಹಜಾರ ಎಂದರೆ ಅದು ದೊಡ್ಡದಾಯಿತು, ಪಡಸಾಲೆ ಎಂದರೆ ಬೇರೆಯದೇ ಆಯಿತು. ಹೆಸರಿಲ್ಲದಿರುವುದಕ್ಕೆ ಕಾರಣ ಸರಳ: ನಮ್ಮ ಹಳೆಯ ಮನೆಗಳಲ್ಲಿ ಬಹುಮಟ್ಟಿಗೆ ಇಂಥ ಜಾಗವೇ ಇರಲಿಲ್ಲ. ಮಲೆನಾಡಿನಲ್ಲಿ ಜಗಲಿ, ಕರಾವಳಿಯಲ್ಲಿ ಚಾವಡಿ, ಬಡಗಣ ಸೀಮೆಯಲ್ಲಿ ಕಟ್ಟೆ ಮತ್ತು ಪಡಸಾಲೆ, ಹಳೆಯ ಮೈಸೂರಿನ ಕಡೆ ತೊಟ್ಟಿಯ ಸುತ್ತಲಿನ ಮೊಗಸಾಲೆ ಇದ್ದವು. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ತೊಟ್ಟಿಯನ್ನು ಬಳಸಿಯೋ ನಡುಮನೆಯನ್ನು ಹಾದೋ ಹೋಗಬೇಕಿತ್ತು. ಹಾಗೆ ಹೋಗುವಾಗ ಕುಳಿತವರು ಕಾಣುತ್ತಿದ್ದರು, ಮಾತಾಡಿಸುತ್ತಿದ್ದರು. ನಡೆಯುವುದಕ್ಕೆಂದೇ ಮೀಸಲಾದ, ಯಾರೂ ಕೂರಲಾಗದ ಕೊಳವೆಯಂಥ ಜಾಗವೊಂದನ್ನು ಆ ಮನೆಗಳನ್ನು ಕಟ್ಟಿದವರು ಕಲ್ಪಿಸಿಕೊಂಡಿರಲಿಲ್ಲ.

ಹಾಗೆಂದು ಜಗಲಿಯ ಗುಣಗಾನಕ್ಕೆ ಇಳಿಯುವುದು ನನ್ನ ಉದ್ದೇಶವಲ್ಲ. ನಮ್ಮ ಪತ್ರಿಕೆಗಳ ಲಲಿತ ಪ್ರಬಂಧಗಳಲ್ಲಿ ಅದು ಸಾಕಷ್ಟು ನಡೆದಿದೆ. ಎಲೆಯಡಿಕೆಯ ತಟ್ಟೆ, ದಾರಿಹೋಕನಿಗೆ ಬೆಲ್ಲ ನೀರು, ಮಳೆಯ ಸಂಜೆಯ ಹರಟೆ ಎಲ್ಲವೂ ನಿಜ. ಆದರೆ ಆ ಜಗಲಿ ಮನೆಗೆ ಬಂದವರನ್ನು ಅಳೆಯುವ ಅಳತೆಗೋಲೂ ಆಗಿತ್ತು. ಯಾರು ನಡುಮನೆಯವರೆಗೆ ಬರಬಹುದು, ಯಾರು ಜಗಲಿಯಲ್ಲೇ ಕೂರಬೇಕು, ಯಾರು ಅಂಗಳದಲ್ಲೇ ನಿಂತು ಎತ್ತಿ ಹೊಯ್ದ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿಯಬೇಕು ಎಂಬುದನ್ನು ಜಾತಿ ನಿರ್ಧರಿಸುತ್ತಿತ್ತು, ಮೆಟ್ಟಿಲುಗಳು ಜಾರಿಗೆ ತರುತ್ತಿದ್ದವು. ಜಗಲಿಯ ತಂಪನ್ನು ನೆನೆದು ಬರೆದವರಲ್ಲಿ ಹೆಚ್ಚಿನವರು ಅಲ್ಲಿ ಕುಳಿತವರೇ ಹೊರತು ಅಂಗಳದ ಬಿಸಿಲಲ್ಲಿ ನಿಂತವರಲ್ಲ. ಅಂಗಳದಲ್ಲಿ ನಿಂತವರ ಮಕ್ಕಳು ಬರೆಯಲು ತೊಡಗಿದ ಮೇಲೆ ನಮ್ಮ ಸಾಹಿತ್ಯದಲ್ಲಿ ಆ ಜಗಲಿಯ ಚಿತ್ರವೇ ಬದಲಾಯಿತು.

ಕಾರಿಡಾರ್ ಎಂಬ ವ್ಯವಸ್ಥೆಯ ಹುಟ್ಟೂ ಹೆಚ್ಚು ಮುಗ್ಧವಾದುದಲ್ಲ. ಇಂಗ್ಲೆಂಡಿನ ಸಿರಿವಂತರ ಮನೆಗಳಲ್ಲಿಯೂ ಒಂದು ಕಾಲದಲ್ಲಿ ಕೋಣೆಯಿಂದ ಕೋಣೆಗೇ ಬಾಗಿಲುಗಳಿದ್ದವು. ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ರೋಜರ್ ಪ್ರ್ಯಾಟ್ ಎಂಬುವರು ಬರ್ಕ್‌ಶೈರಿನಲ್ಲಿ ಕೋಲ್ಸ್‌ಹಿಲ್ ಹೌಸ್ ಎಂಬ ಮನೆಯನ್ನು ಕಟ್ಟಿಸಿದಾಗ ಅದರ ಉದ್ದಕ್ಕೂ ಒಂದು ಓಣಿಯನ್ನು ಹಾಯಿಸಿದರು, ತುದಿಗಳಲ್ಲಿ ಹಿಂಬದಿಯ ಮೆಟ್ಟಿಲುಗಳನ್ನು ಇರಿಸಿದರು. ಸೇವಕರು ತಮ್ಮ ಕೆಲಸಕ್ಕೆ ಓಡಾಡುವಾಗ ಯಜಮಾನರ ಮತ್ತು ಅತಿಥಿಗಳ ಕಣ್ಣಿಗೆ ಬೀಳದಿರಲಿ ಎಂಬುದು ಅದರ ಹಿಂದಿನ ಆಲೋಚನೆ. ವಾಸ್ತು ಇತಿಹಾಸಕಾರ ರಾಬಿನ್ ಎವಾನ್ಸ್ 1978ರಲ್ಲಿ ಬರೆದ ಹೆಸರಾಂತ ಪ್ರಬಂಧವೊಂದರಲ್ಲಿ ಈ ಬೆಳವಣಿಗೆಯನ್ನು ವಿವರವಾಗಿ ಬಿಡಿಸಿಟ್ಟಿದ್ದಾರೆ. ಕೋಲ್ಸ್‌ಹಿಲ್ ಮನೆ 1952ರ ಬೆಂಕಿಯಲ್ಲಿ ನಾಶವಾಯಿತು. ಅದರ ಓಣಿ ಮಾತ್ರ ಬಂಗಲೆಗಳ ನಕಾಶೆಗಳನ್ನು ಹಾದು, ಸರ್ಕಾರಿ ವಸತಿಗೃಹಗಳನ್ನು ಹಾದು, ಕಡೆಗೆ ಬೆಂಗಳೂರಿನ ಹನ್ನೆರಡನೆಯ ಮಹಡಿಯ ಎರಡು ಕೋಣೆಯ ಫ್ಲಾಟಿನೊಳಕ್ಕೂ ಬಂದು ಸೇರಿದೆ. ಇಲ್ಲಿ ಹಿಂಬದಿಯ ಮೆಟ್ಟಿಲಿಲ್ಲ. ಮನೆಯೊಡತಿಯೂ, ಪಾತ್ರೆ ತೊಳೆಯಲು ಬರುವಾಕೆಯೂ, ಅತಿಥಿಯೂ, ಊಟ ತಂದುಕೊಡುವ ಹುಡುಗನೂ ಅದೇ ನಾಲ್ಕು ಅಡಿಯಲ್ಲಿ ಹಾಯಬೇಕು. ಒಂದರ್ಥದಲ್ಲಿ ಜಗಲಿಗಿಂತಲೂ ಕೋಲ್ಸ್‌ಹಿಲ್ಲಿನ ಓಣಿಗಿಂತಲೂ ಇದು ಸಮಾನತೆಯ ಜಾಗ. ಆದರೆ ಅದನ್ನು ಸಿಂಗರಿಸಲು ಹೊರಟಾಗ ನಾವು ಈ ಎಲ್ಲರ ಪೈಕಿ ಒಬ್ಬರನ್ನು ಮಾತ್ರ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತೇವೆ. ವರ್ಷಕ್ಕೆರಡು ಬಾರಿ ಬಂದು 'ಮನೆ ಬಹಳ ಚೆನ್ನಾಗಿ ಮಾಡಿಸಿದ್ದೀರಿ' ಎಂದು ಹೇಳಿಹೋಗುವ ಅತಿಥಿ ಆತ. ನನ್ನ ತಕರಾರು ಇರುವುದು ಇಲ್ಲಿಯೇ.

ಖರ್ಚಿನ ಲೆಕ್ಕವನ್ನೂ ನೋಡೋಣ. 2016ರ ಸ್ಥಿರಾಸ್ತಿ ನಿಯಂತ್ರಣ ಕಾಯ್ದೆ, ಅಂದರೆ ಜನರ ಬಾಯಲ್ಲಿ 'ರೇರಾ', ಕಾರ್ಪೆಟ್ ಏರಿಯಾ ಎಂದರೇನೆಂದು ಸ್ಪಷ್ಟಪಡಿಸಿತು. ಹೊರಗೋಡೆ, ಬಾಲ್ಕನಿ, ತೆರೆದ ತಾರಸಿ ಮತ್ತು ಕೊಳವೆಗಳು ಹಾಯುವ ಕಿಂಡಿ ಅದರಲ್ಲಿ ಸೇರುವುದಿಲ್ಲ. ಒಳಗೋಡೆಗಳೂ ಒಳಗಿನ ಓಣಿಯೂ ಸೇರುತ್ತವೆ. ನಾಲ್ಕಡಿ ಅಗಲ, ಹನ್ನೆರಡಡಿ ಉದ್ದವೆಂದರೆ 48 ಚದರ ಅಡಿ. ಚದರ ಅಡಿಗೆ ಎಂಟು ಸಾವಿರ ರೂಪಾಯಿ ಎಂದಿಟ್ಟುಕೊಂಡರೂ 3,84,000 ರೂಪಾಯಿ ಈ ಒಂದು ಓಣಿಗೇ ಹೋಯಿತು. ಇಷ್ಟು ತೆತ್ತ ಮೇಲೆ ಅದು ಬರಿದೇ ಬಿದ್ದಿರುವುದನ್ನು ನೋಡಿದರೆ ಮಧ್ಯಮ ವರ್ಗದ ಮನಸ್ಸಿಗೆ ಸಂಕಟವಾಗುವುದು ಸಹಜ. ಏನಾದರೂ ಇಡೋಣ, ಏನಾದರೂ ತೂಗುಹಾಕೋಣ ಎನಿಸುತ್ತದೆ. ಇಪ್ಪತ್ತಕ್ಕೆ ಮೂವತ್ತರ ನಿವೇಶನದಲ್ಲಿ ಕಟ್ಟಿಕೊಂಡ ಸ್ವಂತ ಮನೆಯವರದೂ ಇದೇ ಕಥೆ. ಕೆಳಗೆ ಕಾರಿಗೆ ಜಾಗ ಬಿಟ್ಟು, ಪಕ್ಕದಲ್ಲಿ ಮೆಟ್ಟಿಲು ಹಾಯಿಸಿದ ಮೇಲೆ ಮನೆಯ ಬಾಗಿಲಿನಿಂದ ಒಳಕ್ಕೆ ಉಳಿಯುವುದು ಒಂದು ಸಂದಿಯೇ.

ಆ ಸಂದಿಗೆ ಒಳಾಂಗಣ ವಿನ್ಯಾಸಕಾರರು ಸೂಚಿಸುವ ಸಾಮಗ್ರಿ ಈಗ ಬಹುತೇಕ ಎಲ್ಲ ಮನೆಗಳಲ್ಲೂ ಒಂದೇ. ಎದುರುಗೋಡೆಗೆ ಆಳೆತ್ತರದ ಕನ್ನಡಿ, ಏಕೆಂದರೆ ಅದು ಜಾಗವನ್ನು ದೊಡ್ಡದಾಗಿ ತೋರಿಸುತ್ತದೆ. ತಲೆಯ ಮೇಲೆ ಜಿಪ್ಸಂ ಹಲಗೆಯ ಸುಳ್ಳು ಛಾವಣಿ, ಅದರ ಅಂಚಿನಲ್ಲಿ ಅವಿತ ದೀಪ. ಒಂದು ಕಡೆ ಕಲ್ಲಿನ ಹೋಲಿಕೆಯ ವಾಲ್‌ಪೇಪರು, ಅದರ ಕೆಳಗೆ ಕಾನ್ಸೋಲ್ ಎಂಬ ಉದ್ದನೆಯ ಕಿರುಮೇಜು. ಅದರ ಮೇಲೊಂದು ಬುದ್ಧನ ತಲೆ. (ಎಲ್ಲವನ್ನೂ ಬಿಟ್ಟು ಹೊರಟವನ ತಲೆಯನ್ನು ಮನೆಯೊಳಕ್ಕೆ ಕಾಲಿಡುವ ಜಾಗದಲ್ಲಿಯೇ, ಕೀಲಿಕೈಗೊಂಚಲಿನ ಪಕ್ಕ ಇಡುವ ಯೋಚನೆ ಮೊದಲು ಯಾರಿಗೆ ಹೊಳೆಯಿತೋ.) ಇನ್ನೊಂದು ಕಡೆ ಚಪ್ಪಲಿ ಗೂಡು. ನೆಲಕ್ಕೆ ಮುಖ ಕಾಣುವಷ್ಟು ಹೊಳೆಯುವ ಎರಡಡಿ ಚೌಕದ ವಿಟ್ರಿಫೈಡ್ ಟೈಲ್ಸು. ಪ್ರತಿಯೊಂದೂ ಬಿಡಿಯಾಗಿ ನೋಡಿದರೆ ಚೆನ್ನಾಗಿಯೇ ಇರುತ್ತದೆ. ತೊಂದರೆ ಆರಂಭವಾಗುವುದು ಅಳತೆಯ ಟೇಪು ಹಿಡಿದಾಗ.

ಮೂರೂವರೆ ಅಡಿ ಎಂದರೆ 42 ಅಂಗುಲ. ಗಂಡಸರ ಚಪ್ಪಲಿ ಬೂಟುಗಳನ್ನು ನೇರವಾಗಿ ಇಡುವ ಗೂಡಿಗೆ ಕನಿಷ್ಠ 13ರಿಂದ 14 ಅಂಗುಲ ಆಳ ಬೇಕು. ಉಳಿಯುವುದು 28 ಅಂಗುಲ, ಅಂದರೆ ಸುಮಾರು 71 ಸೆಂಟಿಮೀಟರು. ನಮ್ಮಲ್ಲಿ ಸಿಗುವ ಸಾಧಾರಣ ಗಾಲಿಕುರ್ಚಿಯ ಅಗಲ 65ರಿಂದ 75 ಸೆಂಟಿಮೀಟರು. ಗಾಲಿಯನ್ನು ತಾನೇ ತಳ್ಳಿಕೊಳ್ಳುವವರ ಕೈಬೆರಳುಗಳಿಗೆ ಎರಡೂ ಪಕ್ಕ ಇನ್ನಷ್ಟು ಜಾಗ ಬೇಕು. ಅಂಗವಿಕಲರಿಗೂ ವೃದ್ಧರಿಗೂ ಸುಗಮವಾಗುವಂತೆ ಕಟ್ಟಡಗಳಿರಬೇಕೆಂದು ಕೇಂದ್ರ ಸರ್ಕಾರ ರೂಪಿಸಿದ ಮಾರ್ಗಸೂಚಿಗಳು ಬಾಗಿಲಿನ ತೆರಪು 90 ಸೆಂಟಿಮೀಟರು ಇರಬೇಕು, ಗಾಲಿಕುರ್ಚಿ ಸುತ್ತು ತಿರುಗಲು ಒಂದೂವರೆ ಮೀಟರ್ ವ್ಯಾಸದ ಜಾಗ ಬೇಕು ಎನ್ನುತ್ತವೆ. ಖಾಸಗಿ ಫ್ಲಾಟಿನ ಓಣಿಯಲ್ಲಿ ಆ ವೃತ್ತ ಹೇಗೂ ದೊರಕದು. ಆದರೆ ಗೋಡೆಯಿಂದ ಗೋಡೆಗೆ ಇರುವ 42 ಅಂಗುಲವನ್ನಾದರೂ ನಾವಾಗಿ ಕಳೆದುಕೊಳ್ಳದೆ ಇರಬಹುದಲ್ಲವೆ?

ಗಾಲಿಕುರ್ಚಿ ನಮ್ಮ ಮನೆಗೆ ಬರುವುದಿಲ್ಲ ಎಂದೇ ಎಲ್ಲರೂ ನಂಬಿರುತ್ತಾರೆ. ನಮ್ಮದೇ ಕಟ್ಟಡದ ಮೂರನೆಯ ಮಹಡಿಯ ಹಿರಿಯರೊಬ್ಬರಿಗೆ ಕಳೆದ ವರ್ಷ ನಡುರಾತ್ರಿ ಎದೆನೋವು ಬಂತು. ಆಂಬುಲೆನ್ಸು ಬೇಗನೆಯೇ ಬಂತು, ಲಿಫ್ಟು ಕೆಲಸ ಮಾಡುತ್ತಿತ್ತು. ಸ್ಟ್ರೆಚರು ಮಾತ್ರ ಮಲಗುವ ಕೋಣೆಯ ಬಾಗಿಲಲ್ಲಿ ತಿರುಗಲಿಲ್ಲ, ಏಕೆಂದರೆ ಅದು ತಿರುಗಬೇಕಾದ ಮೂಲೆಯಲ್ಲಿ ಗಾಜಿನ ಮುಖದ ಕಪಾಟೊಂದನ್ನು ಗೋಡೆಗೆ ಸೇರಿಸಿ ನಿಲ್ಲಿಸಿದ್ದರು. ಇಬ್ಬರು ಹುಡುಗರು ಅವರನ್ನು ಊಟದ ಕುರ್ಚಿಯಲ್ಲಿ ಕೂರಿಸಿ, ಲುಂಗಿಯಿಂದ ಎದೆಗೆ ಕಟ್ಟಿ, ಅಡ್ಡಡ್ಡವಾಗಿ ಹೊತ್ತುಕೊಂಡು ಹೊರಗೆ ತಂದರು. ಅವರು ಬದುಕಿದರು, ಈಗಲೂ ಸಂಜೆ ಉದ್ಯಾನದಲ್ಲಿ ಸಿಗುತ್ತಾರೆ. ಆ ಹುಡುಗರಲ್ಲಿ ಒಬ್ಬ ಕೆಳಗಿಳಿಯುವಾಗ 'ಈಗೀಗ ಎಲ್ಲ ಮನೇಲೂ ಹಿಂಗೇ ಸಾರ್' ಎಂದದ್ದು ನನ್ನ ಕಿವಿಯಲ್ಲಿ ಉಳಿದಿದೆ. ಎಷ್ಟು ಮನೆಗಳ ಒಳಗನ್ನು ಆತ ಕಂಡಿರಬಹುದು! ಒಳಾಂಗಣದ ವಿಚಾರದಲ್ಲಿ ನಾನಂತೂ ವಿನ್ಯಾಸಕಾರರಿಗಿಂತ ಆತನ ಮಾತನ್ನು ಹೆಚ್ಚು ನಂಬುತ್ತೇನೆ.

ಕಾಯಿಲೆಯ ಮಾತು ಹಾಗಿರಲಿ, ಬೀಳುವುದರ ಬಗ್ಗೆ ನಾವು ಯೋಚಿಸುವುದೇ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಮಂದಿ ಬಿದ್ದು ಸಾಯುತ್ತಾರೆ. ಅರವತ್ತು ದಾಟಿದವರೇ ಅದರಲ್ಲಿ ಹೆಚ್ಚು. ಹಿರಿಯರು ರಾತ್ರಿ ಎರಡು ಗಂಟೆಗೆ ಎದ್ದು ಬಚ್ಚಲಿಗೆ ಹೋಗುವ ದಾರಿ ನಮ್ಮ ಮನೆಗಳಲ್ಲಿ ಯಾವುದು? ಬಹುತೇಕ ಇದೇ ಓಣಿ. ಅರವತ್ತರ ಹರೆಯದವರ ಕಣ್ಣಿನ ಒಳಪರದೆಯನ್ನು ಮುಟ್ಟುವ ಬೆಳಕು ಇಪ್ಪತ್ತರವರದಕ್ಕೆ ಹೋಲಿಸಿದರೆ ಸುಮಾರು ಮೂರನೆಯ ಒಂದು ಪಾಲು ಎನ್ನುತ್ತಾರೆ. ಪಾಪೆ ಕಿರಿದಾಗುತ್ತದೆ, ಮಸೂರ ಮಬ್ಬಾಗುತ್ತದೆ. ಅದೇ ವೇಳೆಗೆ ಹೊಳಪು ಚುಚ್ಚುವುದು ಹೆಚ್ಚಾಗುತ್ತದೆ. ಅಂದಮೇಲೆ ಕತ್ತಲ ಓಣಿಯ ಮೇಲ್ಗಡೆಯಿಂದ ಮೂರು ಚೂಪು ದೀಪಗಳನ್ನು ಹೊಳೆಯುವ ಟೈಲ್ಸಿನ ಮೇಲೆ ಬಿಡುವುದು, ತುದಿಯಲ್ಲಿ ಕನ್ನಡಿ ನಿಲ್ಲಿಸಿ ಆ ಬೆಳಕನ್ನು ಮತ್ತೆ ಅವರ ಕಣ್ಣಿಗೇ ಎಸೆಯುವುದು ಯಾರ ಅನುಕೂಲಕ್ಕೆ? ಮರೆವಿನ ಕಾಯಿಲೆ ತೊಡಗಿದ ಹಿರಿಯರಿರುವ ಮನೆಯಲ್ಲಿ ಕನ್ನಡಿಯ ಪ್ರಶ್ನೆ ಇನ್ನೂ ಗಂಭೀರ. ನಡುರಾತ್ರಿ ಎದುರಿನಿಂದ ನಡೆದು ಬರುವ ಮುದುಕಿ ತಾನೇ ಎಂದು ಅವರಿಗೆ ಹೊಳೆಯದೆ ಹೋಗಬಹುದು. ನೆಲದಿಂದ ಒಂದಡಿ ಎತ್ತರಕ್ಕೆ, ಓಡಾಟ ಕಂಡೊಡನೆ ತಾನಾಗಿ ಹತ್ತಿಕೊಳ್ಳುವ ಎರಡು ಪುಟ್ಟ ದೀಪಗಳು, ಒಂದು ಪಕ್ಕದ ಗೋಡೆಗೆ ಸೊಂಟದೆತ್ತರದಲ್ಲಿ ಮರದ ಹಿಡಿಗಂಬಿ, ಒರಟು ಮೈಯ ನೆಲ. ಸುಳ್ಳು ಛಾವಣಿಗೆ ಆಗುವ ಖರ್ಚಿನಲ್ಲಿ ಇದರ ಬಹುಪಾಲು ಮುಗಿಯುತ್ತದೆ. ಹಿಡಿಗಂಬಿ ಎಂದೊಡನೆ ಆಸ್ಪತ್ರೆ ನೆನಪಾಗುತ್ತದೆ ಎಂದು ಮೂಗು ಮುರಿಯುವವರುಂಟು. ಹಳೆಯ ಮನೆಗಳ ತೇಗದ ಕಟಾಂಜನವನ್ನು ಕಂಡರೆ ಇವರೇ ನಿಂತು ಫೋಟೊ ತೆಗೆಯುತ್ತಾರೆ.

ಇನ್ನೆರಡು ಸಣ್ಣ ವಿಷಯಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅನೇಕ ಫ್ಲಾಟುಗಳಲ್ಲಿ ವಿದ್ಯುತ್ತಿನ ವಿತರಣಾ ಪೆಟ್ಟಿಗೆ, ಅಂದರೆ ಎಂಸಿಬಿಗಳ ಡಬ್ಬಿ, ತಲೆಬಾಗಿಲ ಪಕ್ಕದ ಗೋಡೆಯಲ್ಲಿಯೇ ಇರುತ್ತದೆ. ಅದು ಕುರೂಪವೆಂದು ಚಿತ್ರಪಟದ ಹಿಂದೆಯೋ ಬೀಗ ಹಾಕುವ ಕಪಾಟಿನೊಳಗೋ ಅಡಗಿಸುವುದು ಈಗ ರೂಢಿಯಾಗಿದೆ. ಶಾರ್ಟ್ ಸರ್ಕ್ಯೂಟಾದ ಹೊತ್ತಿನಲ್ಲಿ ಮನೆಗೆಲಸದಾಕೆಗೂ ಹತ್ತು ವರ್ಷದ ಮಗುವಿಗೂ ಅದು ಎಲ್ಲಿದೆಯೆಂದು ಗೊತ್ತಿರಬೇಕು, ಕೈಗೆ ಸಿಗಬೇಕು. ಎರಡನೆಯದು ಹಳೆಯ ಬಣ್ಣ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ದಶಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದೆ ಬಳಿದ ಬಾಗಿಲು ಚೌಕಟ್ಟುಗಳ ಎನಾಮೆಲನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸಬಾರದು. ಕಿಟಕಿಯಿಲ್ಲದ ಓಣಿಯಲ್ಲಿ ಆ ಧೂಳು ಹೋಗುವುದಾದರೂ ಎಲ್ಲಿಗೆ? ಉಜ್ಜುವ ಹುಡುಗನ ಎದೆಗೂ ಮನೆಯ ಮಗುವಿನ ಬಾಯಿಗೂ ಹೋಗುತ್ತದೆ. ನೀರು ಹಚ್ಚಿ ಉಜ್ಜಲು ಹೇಳಿದರೆ ಒಂದು ದಿನ ಹೆಚ್ಚು ಹಿಡಿಯುತ್ತದೆ, ಅಷ್ಟೆ.

ಇಲ್ಲಿಯವರೆಗಿನದು ಮನೆಯವರ ಮಾತು. ಈ ಓಣಿಯಲ್ಲಿ ಮನೆಯವರಲ್ಲದವರೂ ನಿಲ್ಲುತ್ತಾರೆ, ಮತ್ತು ಮಹಾನಗರದಲ್ಲಿ ಅವರ ಸಂಖ್ಯೆ ಈಗ ಬಹಳ. ಬೆಳಗಿನ ಆರರಿಂದ ರಾತ್ರಿಯ ಹನ್ನೊಂದರ ತನಕ ಹಾಲು, ಕೊರಿಯರು, ದಿನಸಿ, ಔಷಧ, ಊಟ. ನೀರಿನ ಫಿಲ್ಟರು ರಿಪೇರಿಯವರು, ರಕ್ತದ ಮಾದರಿ ಒಯ್ಯಲು ಬರುವ ಲ್ಯಾಬಿನ ಹುಡುಗಿ. ಮೂರು ಮನೆಗಳ ಕೆಲಸ ಮುಗಿಸಿ ನಾಲ್ಕನೆಯದಕ್ಕೆ ಬರುವ ಹೆಂಗಸು. ಇವರಿಗೆ ನಮ್ಮ ಹೊಸ ಓಣಿಯಲ್ಲಿ ಏನಿದೆ ಎಂದು ನೋಡಿ. ಮನೆಯವರ ಬೂಟುಗಳಿಗೆ ಬಾಗಿಲಿರುವ ಗೂಡಿದೆ, ಕೆಲಸದಾಕೆಯ ಚಪ್ಪಲಿ ಹೊರಗೆ ಮೆಟ್ಟಿಲ ಬಳಿ. ಮನೆಯವರ ಛತ್ರಿಗೆ ಹಿತ್ತಾಳೆಯ ಕಡಾಯಿ ಇದೆ, ಆಕೆಯ ಚೀಲಕ್ಕೆ ಒಂದು ಮೊಳೆ ಇಲ್ಲ. ಆ ಚೀಲ ಅಡುಗೆಮನೆಯ ಹಿಂದಿನ ಯುಟಿಲಿಟಿಯ ಒದ್ದೆ ನೆಲದಲ್ಲಿ, ನೆಲ ಒರೆಸುವ ಕೋಲಿನ ಪಕ್ಕ ಕಾಯುತ್ತಿರುತ್ತದೆ. ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ತಂದವನು ಚಿಲ್ಲರೆಗಾಗಿ ಕಾಯುವ ಐದು ನಿಮಿಷ ಎಲ್ಲಿ ಕೂರಬೇಕು? ಕಾನ್ಸೋಲಿನ ಮೇಲೆ ಕೂರಲಾಗದು, ಅಲ್ಲಿ ಬುದ್ಧನಿದ್ದಾನೆ.

ಹೊರಗಿನ ಸಾಮಾನ್ಯ ಕಾರಿಡಾರಿನ ಸ್ಥಿತಿ ಇದಕ್ಕಿಂತ ಹೀನಾಯ. ಒಳಗೆ ಜಾಗ ಸಾಲದೆ ಬಂದ ಚಪ್ಪಲಿ ಗೂಡು, ಸೈಕಲ್ಲು, ಗಿಡದ ಕುಂಡಗಳನ್ನು ಬಾಗಿಲ ಹೊರಗೆ ಹರಡಿ ಆ ಜಾಗವನ್ನೂ ನಮ್ಮದೇ ಓಣಿಯ ವಿಸ್ತರಣೆ ಎಂದು ಭಾವಿಸುತ್ತೇವೆ. ಕಾನೂನಿನ ಕಣ್ಣಿನಲ್ಲಿ ಮೆಟ್ಟಿಲು, ಲಾಬಿ, ಬೆಂಕಿಯಿಂದ ಪಾರಾಗುವ ದಾರಿಗಳೆಲ್ಲ ಎಲ್ಲ ನಿವಾಸಿಗಳ ಸಾಮಾನ್ಯ ಸ್ವತ್ತು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದ ಬೆಂಕಿಯಲ್ಲಿ ಒಂಬತ್ತು ಜನ ಪ್ರಾಣ ಕಳೆದುಕೊಂಡಾಗ ಹೊರದಾರಿಗಳು ತೆರೆದಿರಬೇಕೆಂಬ ಬಗ್ಗೆ ನಗರವೆಲ್ಲ ಮಾತನಾಡಿತು. ಅದು ಕಚೇರಿಗಳ ಕಟ್ಟಡವಾಗಿತ್ತು, ನಿಜ. ಹೊಗೆಗೆ ಕಚೇರಿ, ಮನೆ ಎಂಬ ಭೇದವಿಲ್ಲ.

ಅಪರಿಚಿತರನ್ನು ಒಳಗೆ ಕೂರಿಸಿ ಎನ್ನುವುದು ಸುಲಭ, ಒಂಟಿಯಾಗಿರುವ ಹೆಂಗಸರೂ ವೃದ್ಧರೂ ಏನು ಮಾಡಬೇಕು ಎಂದು ಕೇಳುವವರಿದ್ದಾರೆ. ಇದನ್ನು ತಳ್ಳಿಹಾಕಲಾಗದು. ಬಾಗಿಲಿಗೆ ಸರಪಳಿ ಇರಲಿ, ಜಾಲರಿಯ ಹೊರಬಾಗಿಲು ಇರಲಿ, ಕ್ಯಾಮರಾ ಬೇಕಿದ್ದರೆ ಅದೂ ಇರಲಿ. ಯಾರನ್ನು ಒಳಗೆ ಬಿಡಬೇಕೆಂಬ ತೀರ್ಮಾನ ಮನೆಯವರದೇ. ನಾನು ಹೇಳುತ್ತಿರುವುದು, ಒಳಗೆ ಬಿಟ್ಟ ಮೇಲೆ ಅವರನ್ನು ನಿಲ್ಲಿಸಿ ಇಡುವ ವ್ಯವಸ್ಥೆಯ ಬಗ್ಗೆ. ಎಂಟು ವರ್ಷಗಳಿಂದ ಮನೆಯ ಕೀಲಿಯನ್ನೇ ಕೊಟ್ಟು ನಂಬಿದ ಹೆಂಗಸಿನ ಚಪ್ಪಲಿಯನ್ನು ಗೂಡಿನಿಂದ ಹೊರಗಿಡುವುದಕ್ಕೆ ಯಾವ ಸುರಕ್ಷತೆಯ ಕಾರಣವಿದೆ? ಕೆಲವು ಅಪಾರ್ಟ್‌ಮೆಂಟುಗಳಲ್ಲಿ ಕೆಲಸದವರಿಗೂ ಸಾಮಾನು ತಂದುಕೊಡುವವರಿಗೂ ಬೇರೆ ಲಿಫ್ಟು ಎಂಬ ಫಲಕವಿರುತ್ತದೆ. ಅಲ್ಲಿ ಅಂಗಳ, ಜಗಲಿ, ನಡುಮನೆಗಳ ಲೆಕ್ಕ ಎಲೆಕ್ಟ್ರಾನಿಕ್ ಗುಂಡಿಗಳಲ್ಲಿ ಮುಂದುವರಿದಿದೆ. ಆ್ಯಪ್‌ಗಳ ಮೂಲಕ ದುಡಿಯುವವರ ಸಾಮಾಜಿಕ ಭದ್ರತೆಗಾಗಿ ಕರ್ನಾಟಕ 2025ರಲ್ಲಿ ಕಾನೂನು ತಂದಿತು. ಒಳ್ಳೆಯದೇ. ಆದರೆ ಒಂದು ಸ್ಟೂಲನ್ನು, ಒಂದು ಲೋಟ ನೀರನ್ನು ಶಾಸನಸಭೆ ಕೊಡಲಾರದು.

ಹಾಗಾದರೆ ಓಣಿಯನ್ನು ಬೋಳಾಗಿ ಬಿಡಬೇಕೆ? ಖಂಡಿತ ಇಲ್ಲ. ಸಿಂಗಾರ ಬೇಡವೆನ್ನುವ ಸಂನ್ಯಾಸಿಯ ವಾದ ನನ್ನದಲ್ಲ. ಹೊಸ್ತಿಲಿಗೆ ಅರಿಸಿನ ಕುಂಕುಮ, ಬಾಗಿಲಿಗೆ ಮಾವಿನ ತೋರಣ, ನೆಲದಲ್ಲಿ ರಂಗೋಲಿ ಇಟ್ಟುಕೊಂಡು ಬಂದ ನಾಡಿದು. ಆ ಅಲಂಕಾರಗಳಿಗೊಂದು ಗುಣವಿತ್ತು: ಅವು ನೆಲದ ಅಗಲವನ್ನು ಒಂದಿಂಚೂ ನುಂಗುತ್ತಿರಲಿಲ್ಲ, ಮತ್ತು ಹಳತಾಗುವ ಮೊದಲೇ ಅಳಿಸಿ ಹೊಸತಾಗುತ್ತಿದ್ದವು. ಸಾಗರ, ಸೊರಬದ ಸೀಮೆಯ ದೀವರ ಹೆಣ್ಣುಮಕ್ಕಳು ಮದುವೆಯ ಹೊತ್ತಿಗೆ ಬರೆಯುವ ಹಸೆ ಚಿತ್ತಾರವನ್ನೇ ನೋಡಿ. ಗೋಡೆಗೆ ಕೆಮ್ಮಣ್ಣು ಸಾರಿಸಿ, ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಗೆರೆ ಎಳೆಯುತ್ತಾರೆ. ನೇರವಾದ, ಲೆಕ್ಕ ತಪ್ಪದ, ಕೂದಲಿನಷ್ಟು ತೆಳುವಾದ ಗೆರೆಗಳು. ಮಂಟಪ, ಮದುಮಕ್ಕಳು, ಏಣಿಯಂಥ ಅಂಚು. ಯಾವ ಸಲಕರಣೆಯೂ ಇಲ್ಲದೆ ಗೋಡೆಯ ಅಳತೆಗೆ ತಕ್ಕಂತೆ ಚಿತ್ರವನ್ನು ಹಿಗ್ಗಿಸಿ ಕುಗ್ಗಿಸುವ ಆ ಕೈಗಳ ಜಾಣ್ಮೆಯನ್ನು ಕಂಡವರಿಗೆ ಅಂಗಡಿಯ ವಾಲ್‌ಪೇಪರು ರುಚಿಸುವುದು ಕಷ್ಟ. ಇಂದು ಅದೇ ಚಿತ್ತಾರ ಚೌಕಟ್ಟಿನೊಳಗೆ, ಕಾಗದದ ಮೇಲೆಯೂ ಸಿಗುತ್ತದೆ. ಬರೆದ ಕೈಗಳಿಗೆ ಸರಿಯಾದ ಬೆಲೆ ಕೊಟ್ಟು ಕೊಂಡರೆ ಓಣಿಯ ಒಂದು ಗೋಡೆಗೆ ಅದೊಂದೇ ಸಾಕು. ಚೌಕಟ್ಟಿನ ದಪ್ಪ ಒಂದು ಅಂಗುಲ. ಯಾರ ಭುಜಕ್ಕೂ ತಾಗದು.

ನನ್ನ ಅಭಿರುಚಿಯನ್ನೇ ಕೇಳುವುದಾದರೆ, ಒಂದು ಗೋಡೆ ಮನೆಯ ಹಿರಿಯರ ಫೋಟೊಗಳಿಗೆ ಸಲ್ಲಬೇಕು. ಅವನ್ನು ಕಪಾಟಿನ ತಳಕ್ಕೆ ಸೇರಿಸಿ, ಅದೇ ಜಾಗದಲ್ಲಿ ಯಾವುದೋ ಪರದೇಶದ ಬೀದಿಯ ಕಪ್ಪುಬಿಳುಪು ಚಿತ್ರ ತೂಗುಹಾಕುವ ಫ್ಯಾಷನ್ನು ನನಗೆ ಒಗ್ಗುವುದಿಲ್ಲ. ಕಣ್ಣಿನ ಮಟ್ಟಕ್ಕೆ ಮೇಲ್ಪಟ್ಟು ಏನನ್ನಾದರೂ ಮಾಡಿ, ಸೊಂಟಕ್ಕೆ ಕೆಳಗೆ ಗೋಡೆ ಬರಿದಾಗಿರಲಿ, ತೊಳೆಯಬಹುದಾದ ಬಣ್ಣವಿರಲಿ. ಮಕ್ಕಳ ಕೈ, ಚೀಲದ ಮೂಲೆ, ಊರುಗೋಲಿನ ತುದಿ ತಾಗುವುದು ಅಲ್ಲಿಯೇ. ಚಪ್ಪಲಿಗೆ ಮುಂದಕ್ಕೆ ಬಾಗಿ ತೆರೆಯುವ, ಏಳು ಅಂಗುಲ ಆಳದ ಗೂಡುಗಳು ಈಗ ಸಿಗುತ್ತವೆ, ಬೂಟುಗಳು ಅದರಲ್ಲಿ ನೆಟ್ಟಗೆ ನಿಲ್ಲುತ್ತವೆ. ಬಾಗಿಲ ಹಿಂದಿನ ಮೂಲೆಯಲ್ಲಿ, ಬಾಗಿಲು ತೆರೆದಾಗ ಅಡ್ಡವಾಗದಂತೆ, ಗೋಡೆಗೆ ಮಡಚಿಕೊಳ್ಳುವ ಹಲಗೆಯ ಆಸನವೊಂದನ್ನು ಬಡಗಿ ಅರ್ಧ ದಿನದಲ್ಲಿ ಕೂರಿಸಿಕೊಡುತ್ತಾನೆ. ಮಂಡಿ ನೋವಿನವರು ಅದರ ಮೇಲೆ ಕುಳಿತು ಚಪ್ಪಲಿ ಹಾಕಿಕೊಳ್ಳಬಹುದು. ಸಿಲಿಂಡರಿನವನೂ ಕೂರಬಹುದು. ಅದರ ಮೇಲ್ಗಡೆ ನಾಲ್ಕು ಗಟ್ಟಿ ಗೂಟಗಳು, ಅವುಗಳಲ್ಲಿ ಒಂದು ಮನೆಯವರದಲ್ಲ.

ಬಾಡಿಗೆ ಮನೆಯವರು ಈ ಮಾತುಗಳನ್ನೆಲ್ಲ ಓದಿ ನಗಬಹುದು. ಮೊಳೆ ಹೊಡೆದರೆ ಮುಂಗಡದಲ್ಲಿ ಕಡಿತವಾಗುವ ಊರಿನಲ್ಲಿ ಹಿಡಿಗಂಬಿಯ ಮಾತೆಲ್ಲಿಯದು! ಅವರಿಗೆ ಹೇಳಬಹುದಾದದ್ದು ಕಡಿಮೆ: ಪ್ಲಗ್ಗಿಗೆ ಸಿಕ್ಕಿಸುವ ರಾತ್ರಿದೀಪ, ಹಿಂಬದಿಗೆ ರಬ್ಬರಿರುವ ಮ್ಯಾಟು, ಒಂದು ಸ್ಟೂಲು. ಮನೆ ಬಿಡುವಾಗ ಮೂರನ್ನೂ ಒಯ್ಯಬಹುದು.

ಸ್ವಂತ ಮನೆಯವರು ಬಡಗಿಗೆ ಮುಂಗಡ ಕೊಡುವ ಮೊದಲು ಒಂದು ಸಂಜೆ ಬಿಡುವು ಮಾಡಿಕೊಳ್ಳಲಿ. ಇಡಬೇಕೆಂದಿರುವ ಪ್ರತಿಯೊಂದು ಸಾಮಾನಿನ ಅಳತೆಗೆ ಹಳೆಯ ಪತ್ರಿಕೆಗಳನ್ನು ಕತ್ತರಿಸಿ ನೆಲಕ್ಕೆ ಅಂಟಿಸಲಿ. ದೀಪ ಆರಿಸಿ, ಪತ್ರಿಕೆಯನ್ನು ಮೆಟ್ಟದೆ, ಹಾಸಿಗೆಯಿಂದ ಬಚ್ಚಲಿನವರೆಗೆ ಒಮ್ಮೆ ನಡೆದು ನೋಡಲಿ. ಊಟದ ಕುರ್ಚಿಯಲ್ಲಿ ಮನೆಯ ಭಾರದ ಮನುಷ್ಯನನ್ನು ಕೂರಿಸಿ, ಇಬ್ಬರು ಎತ್ತಿಕೊಂಡು ಮಲಗುವ ಕೋಣೆಯಿಂದ ತಲೆಬಾಗಿಲವರೆಗೆ ಬರಲಿ. ಮಕ್ಕಳಿಗೆ ಇದು ಒಳ್ಳೆಯ ಆಟ. ಮರುದಿನ ಬೆಳಿಗ್ಗೆ ಕೆಲಸದಾಕೆ ಬಂದಾಗ ಆ ಪತ್ರಿಕೆಗಳನ್ನು ತೋರಿಸಿ ಆಕೆಯ ಅಭಿಪ್ರಾಯವನ್ನೂ ಕೇಳಲಿ. ಆ ನೆಲವನ್ನು ದಿನವೂ ಒರೆಸುವವಳು ಆಕೆಯೇ ಆದ್ದರಿಂದ ಅದರ ಒಂದೊಂದು ಅಂಗುಲವೂ ಆಕೆಗೆ ಗೊತ್ತು.